ಒಂದು ಗೇಣಿನ ತಕರಾರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹಳೆಯ ಶಾಸನಗಳು ಕೋಗಳಿ ಐನೂರು ಎಂದು ಕರೆದ ನಾಡು ಹೆಚ್ಚೂಕಡಿಮೆ ಇದೇ. ಈ ಸೀಮೆಯ ಯಾವುದೇ ಊರಿನ ಅಗಸೆಯ ಮುಂದೆ ಹೊಸ ಕಾರೊಂದು ಬಂದು ನಿಂತರೆ ಸುತ್ತ ಸೇರುವವರು ಮೊದಲು ಎಂಜಿನ್ನಿನ ಸುದ್ದಿ ಎತ್ತುವುದಿಲ್ಲ. ಯಾರಾದರೊಬ್ಬ ಹಿರಿಯರು ಮಂಡಿಯೂರಿ ಕುಳಿತು, ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಕೈ ಚಾಚಿ ಗೇಣು ಹಾಕಿ ನೋಡುತ್ತಾರೆ. ‘ತಳ ಬಡಿಯಂಗಿಲ್ಲೇನಪ್ಪಾ?’ ಎಂಬುದು ಮೊದಲ ಪ್ರಶ್ನೆ. ಮೈಲೇಜ್ ಎರಡನೆಯದು. ಬೆಲೆ ಕೇಳುವುದು ಮೂರನೆಯದು, ಅದೂ ಸ್ವಲ್ಪ ದನಿ ತಗ್ಗಿಸಿ. ಅಶ್ವಶಕ್ತಿಯ ಪಾಳಿ ಬರುವ ಹೊತ್ತಿಗೆ ಚಹಾ ಮುಗಿದಿರುತ್ತದೆ.

ಬೆಂಗಳೂರಿನ ಕಾರುಪ್ರಿಯರಿಗೆ ಈ ಕ್ರಮ ನಗೆ ತರಿಸುತ್ತದೆ. ಅವರ ಪಂಚಾಯಿತಿಯಲ್ಲಿ ಕಾರು ಎಂದರೆ ನೆಲಕ್ಕೆ ಅಂಟಿಕೊಂಡು ಓಡುವ ವಸ್ತು. ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ನಾಡಿ ಸಿಗಬೇಕು, ತಿರುವಿನಲ್ಲಿ ಮೈ ವಾಲಬಾರದು, ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಒತ್ತಬೇಕು. ಈಗ ಎಲ್ಲಿ ನೋಡಿದರೂ ಕಾಣುವ ಕ್ರಾಸ್‌ಓವರ್‌ಗಳ ಬಗ್ಗೆ ಅವರಿಗೆ ಗೌರವ ಕಡಿಮೆ. ಜೀಪಿನ ಹಾಗೆ ಪ್ರತ್ಯೇಕ ಚಾಸಿಯಿಲ್ಲದೆ, ಸಾಮಾನ್ಯ ಕಾರಿನ ಒಡಲನ್ನೇ ಮೇಲಕ್ಕೆತ್ತಿ, ದೊಡ್ಡ ಗಾಲಿ ತೊಡಿಸಿ ನಿಲ್ಲಿಸಿದ್ದು ಕ್ರಾಸ್‌ಓವರ್. ಹಳ್ಳ ದಾಟುವವನು ಪಂಚೆ ಮೇಲಕ್ಕೆ ಕಟ್ಟಿದ ಹಾಗೆ. ಟೊಯೊಟಾ ಕಂಪನಿ 1994ರಲ್ಲಿ ಜಪಾನಿನಲ್ಲಿ ಆರ್‌ಎವಿ4 ಎಂಬ ಕಾರು ತಂದಾಗ ಈ ಜಾತಿ ಜಗತ್ತಿನಲ್ಲಿ ಬೇರು ಬಿಟ್ಟಿತು. ನಮ್ಮಲ್ಲಿ 2012ರ ರೆನೊ ಡಸ್ಟರ್, 2013ರ ಫೋರ್ಡ್ ಇಕೋಸ್ಪೋರ್ಟ್, 2015ರ ಹುಂಡೈ ಕ್ರೆಟಾ ಬಂದ ಮೇಲೆ ಸೆಡಾನ್‌ಗಳ ಕಾಲ ಇಳಿಮುಖವಾಯಿತು.

ಕಾರುಪ್ರಿಯರ ಸಿಟ್ಟು ಸುಳ್ಳಲ್ಲ. ಫಿಯೆಟ್ ಪಾಲಿಯೊ 1.6, ಫೋರ್ಡ್ ಐಕಾನ್, ಆಮೇಲೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಇವು ಶ್ರೀಮಂತರಲ್ಲದವರಿಗೂ ಓಡಿಸುವ ಸುಖ ಕೊಟ್ಟ ಕಾರುಗಳು. ಒಂದೊಂದಾಗಿ ಕಣ್ಮರೆಯಾದವು. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತಾಗ ಕೆಲವರು ಮನೆಯ ಹಸು ಮಾರಿದಷ್ಟು ನೊಂದುಕೊಂಡರು. 2025ರ ಮೇ ತಿಂಗಳಲ್ಲಿ ಅದೇ ಕಂಪನಿ ಗಾಲ್ಫ್ ಜಿಟಿಐ ಎಂಬ 265 ಅಶ್ವಶಕ್ತಿಯ ಕಾರನ್ನು ತಂದಿತು. ಬೆಲೆ 53 ಲಕ್ಷ ರೂಪಾಯಿ. ಮೊದಲ ಕಂತಿನ 150 ಕಾರುಗಳು ಬೆಲೆ ಪ್ರಕಟವಾಗುವ ಮೊದಲೇ ಖರ್ಚಾಗಿದ್ದವು. ಅಕ್ಟೋಬರಿನಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಥೆಯೂ ಅದೇ: ಬಂದದ್ದು ನೂರೇ ಕಾರು, ಬೆಲೆ ಅರ್ಧ ಕೋಟಿಯ ಸಮೀಪ, ಆದರೂ ಕೈಗೆ ಸಿಗಲಿಲ್ಲ. ಈ ಕಾರುಗಳ ತಳ ಗೇಣಿನ ಮುಕ್ಕಾಲು ಪಾಲಿಗಿಂತಲೂ ಕೆಳಗೆ. ಕೊಟ್ಟೂರಿನ ತೇರು ಬೀದಿಯಲ್ಲಿ ಅದನ್ನು ನಿಲ್ಲಿಸಿದರೆ ಜನ ಮೆಚ್ಚಿಯಾರು. ಊರಾಚೆ ಮೊದಲ ಹಂಪು ಬರುವವರೆಗೆ.

ಇಷ್ಟಕ್ಕೂ ಈ ಗೇಣಿನ ಮಾತು ಹಳ್ಳಿಯವರದ್ದು ಮಾತ್ರವಲ್ಲ, ಸರ್ಕಾರದ್ದೂ ಹೌದು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಉದ್ದದೊಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಯಿತು. ಪೆಟ್ರೋಲ್ ಎಂಜಿನ್ ಆದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮೀರುವಂತಿರಲಿಲ್ಲ. ಅಂದಿನಿಂದ ಕಂಪನಿಗಳು ಕಾರಿನ ಹಿಂಭಾಗವನ್ನು ಕತ್ತರಿಸಿ ಕತ್ತರಿಸಿ ನಾಲ್ಕು ಮೀಟರಿಗೆ ಹೊಂದಿಸತೊಡಗಿದವು. 2013ರ ಬಜೆಟ್ ಇನ್ನೂ ಮುಂದೆ ಹೋಯಿತು. ನಾಲ್ಕು ಮೀಟರಿಗಿಂತ ಉದ್ದ, 1500 ಸಿ.ಸಿ.ಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿ.ಮೀ. ಅಥವಾ ಹೆಚ್ಚು ಎತ್ತರ ಇರುವ ವಾಹನಗಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಸುಂಕವನ್ನು ಶೇ 27ರಿಂದ 30ಕ್ಕೆ ಏರಿಸಲಾಯಿತು. ಅದೇ ವರ್ಷ ಮಹೀಂದ್ರ ಕಂಪನಿ ತನ್ನ ಎಕ್ಸ್‌ಯುವಿ 500 ವಾಹನದ ತಳವನ್ನು 160 ಮಿ.ಮೀ.ಗೆ ಇಳಿಸಿ ಸುಂಕದಿಂದ ನುಣುಚಿಕೊಂಡಿತು. ಹಳ್ಳದ ಕಲ್ಲಿಗೆ ಹೆದರಿ ಎತ್ತರಿಸಿದ ಗಾಡಿಯನ್ನು ಸುಂಕದ ಕಟ್ಟೆಗೆ ಹೆದರಿ ತಗ್ಗಿಸಿದ ಸೋಜಿಗವಿದು. ಜಿಎಸ್‌ಟಿ ಬಂದ ಮೇಲೂ ಅದೇ 170ರ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40 ಎಂದು ಲೆಕ್ಕ ಸರಳವಾಯಿತು.

ಕೋಗಳಿ ಸೀಮೆಯವರಿಗೆ ತಳದ ಚಿಂತೆ ಯಾಕೆ ಎಂಬುದನ್ನು ತಿಳಿಯಲು ಸುಗ್ಗಿಯ ದಿನಗಳಲ್ಲಿ ಕೂಡ್ಲಿಗಿಯಿಂದ ಒಳದಾರಿ ಹಿಡಿದು ಒಮ್ಮೆ ಬರಬೇಕು. ಹೆದ್ದಾರಿಯ ಮಾತು ಬೇರೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ, ಹಿಂದೆ 13 ಎನಿಸಿದ್ದ ಈಗಿನ 50ನೇ ಹೆದ್ದಾರಿ ಕೂಡ್ಲಿಗಿಯನ್ನು ಮುಟ್ಟಿಕೊಂಡು ಹಾಸಿಗೆಯಂತೆ ಚಾಚಿದೆ. ಅದಿರಿನ ಕಾಲದಲ್ಲಿ ಲಾರಿಗಳು ಸಾಲುಗಟ್ಟಿದ್ದ ದಾರಿ ಇದೇ. ಅದನ್ನು ಬಿಟ್ಟು ಇಳಿದರೆ ಬಣ್ಣ ಬಳಿಯದ ಹಂಪುಗಳು, ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣಿನ ಮೇಲೆ ಹಾಕಿದ ಡಾಂಬರು. ಅದರ ಮೇಲೆ ಒಕ್ಕಣೆ.

ಕಣ ಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಸಲು ಈಗ ಎತ್ತೂ ಇಲ್ಲ, ಆಳೂ ಇಲ್ಲ. ಡಾಂಬರು ರಸ್ತೆ ಬಿಟ್ಟಿ ಸಿಗುವ ಕಣ, ಓಡಾಡುವ ವಾಹನಗಳೇ ಎತ್ತು. ಜೋಳ, ರಾಗಿ, ಸಜ್ಜೆಯ ತೆನೆ ಹರಡಿದರೆ ಕಾರಿಗೆ ಹೆಚ್ಚಿನ ತೊಂದರೆಯಿಲ್ಲ. ಬೈಕಿನವರು ಜಾರಿ ಬೀಳುತ್ತಾರೆ, ಅದು ಬೇರೆ ಗೋಳು. ಆದರೆ ಹುರುಳಿ ಗಿಡ ಹಾಗಲ್ಲ. ಅದರ ಬಳ್ಳಿ ಒಂದಕ್ಕೊಂದು ಹೆಣೆದುಕೊಂಡು ಕಾರಿನ ತಳಕ್ಕೆ, ಗಾಲಿಗೆ ತಿರುಗಣಿ ಕೊಡುವ ದಂಡಕ್ಕೆ ಹಗ್ಗದಂತೆ ಸುತ್ತುತ್ತದೆ. ತಿಕ್ಕಾಟದ ಬಿಸಿ ಒಂದು ಕಡೆ, ಕೆಂಪಗೆ ಕಾದ ಸೈಲೆನ್ಸರ್ ಕೊಳವೆ ಇನ್ನೊಂದು ಕಡೆ. ಹೊಗೆ ಕಾಣುವ ಹೊತ್ತಿಗೆ ಬೆಂಕಿ ಹತ್ತಿರುತ್ತದೆ. ಹುರುಳಿ ಸೊಪ್ಪು ಸಿಲುಕಿ ಕಾರು ಸುಟ್ಟ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಸುಗ್ಗಿಯ ಕಾಲಕ್ಕೆ ಆಗಾಗ ಬರುತ್ತದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರು ಸಾರುತ್ತಾರೆ, ರೈತರು ಬೇರೆ ಜಾಗ ಎಲ್ಲಿದೆ ಎಂದು ಕೇಳುತ್ತಾರೆ. ಎರಡೂ ಸರಿಯೇ. ತಗ್ಗಾದ ಕಾರಿಗೆ ಬಳ್ಳಿ ಬೇಗ ತಗಲುತ್ತದೆ, ಎತ್ತರದ ಕಾರಿಗೆ ತುಸು ತಡವಾಗಿ. ಎತ್ತರವಿದ್ದರೆ ಭಯವಿಲ್ಲ ಎಂದು ತಿಳಿದವರೂ ಒಮ್ಮೆ ಇಳಿದು ಬಗ್ಗಿ ನೋಡುವುದು ಒಳ್ಳೆಯದು.

ಇಂಥ ನೆಲದಲ್ಲಿ ಹೊಸ ಕಾರಿನ ಬಗ್ಗೆ ಬಲ್ಲವರ ಅಭಿಪ್ರಾಯ ಹೇಗೆ ತಲುಪುತ್ತದೆ? ಮೈಲಾರದ ಕಾರ್ಣಿಕದ ಹಾಗೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದನ್ನು ಮಳೆಗೆ ಹಚ್ಚುವವರು ಮಳೆಗೆ, ರಾಜಕಾರಣಕ್ಕೆ ಹಚ್ಚುವವರು ರಾಜಕಾರಣಕ್ಕೆ ಹಚ್ಚಿಕೊಳ್ಳುತ್ತಾರೆ. ಕಾರುಪ್ರಿಯರ ಬಾಯಿಂದಲೂ ಒಂದು ಸಾಲು ಉದುರುತ್ತದೆ: ‘ಸಸ್ಪೆನ್ಷನ್ ಸ್ವಲ್ಪ ಗಡುಸು’. ನಗರದ ಹುಡುಗನಿಗೆ ಅದು ಹೊಗಳಿಕೆ. ಸೊಂಟನೋವಿನ ಅಜ್ಜಿಯನ್ನು ಹರಪನಹಳ್ಳಿಯಿಂದ ದಾವಣಗೆರೆ ಆಸ್ಪತ್ರೆಗೆ ಕರೆದೊಯ್ಯುವ ಮೊಮ್ಮಗನಿಗೆ ಅದೇ ಎಚ್ಚರಿಕೆ.

ಈಗ ಎರಡೂ ಪಂಗಡಗಳನ್ನು ಒಲಿಸಲು ಕಂಪನಿಗಳು ಹೊರಟಿವೆ. ಎತ್ತರದ ಒಡಲಿಗೆ ಓಟದ ಎಂಜಿನ್. 2024ರ ಮಾರ್ಚ್‌ನಲ್ಲಿ ಬಂದ ಕ್ರೆಟಾ ಎನ್ ಲೈನ್‌ನಲ್ಲಿ 1.5 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ 160 ಅಶ್ವಶಕ್ತಿ ಕೊಡುತ್ತದೆ. ಕಾರುಪ್ರಿಯರು ಮೆಚ್ಚಿದ್ದು ಎಂಜಿನ್ನಿಗಿಂತ ಹೆಚ್ಚಾಗಿ, ಅದರ ಜೊತೆ ಕೈಗಿಯರನ್ನೂ ಉಳಿಸಿದ್ದಕ್ಕೆ. ಪಕ್ಕದ ಆಂಧ್ರದ ಪೆನುಕೊಂಡದಲ್ಲಿ 2019ರಿಂದ ತಯಾರಾಗುವ ಕಿಯಾ ಸೆಲ್ಟೋಸ್‌ಗೂ 2023ರಲ್ಲಿ ಅಷ್ಟೇ ಶಕ್ತಿಯ ಟರ್ಬೊ ಬಂತು. ಟಾಟಾ ಕಂಪನಿ 2024ರ ಜೂನ್‌ನಲ್ಲಿ ಆಲ್ಟ್ರೋಜ್ ರೇಸರ್ ತಂದಿತು: 120 ಅಶ್ವಶಕ್ತಿ, ಹತ್ತು ಲಕ್ಷದೊಳಗಿನ ಆರಂಭದ ಬೆಲೆ, ತಗ್ಗಾದ ಒಡಲು. ಕಾಸಿಗೆ ತಕ್ಕ ಖುಷಿಯ ಲೆಕ್ಕ ಹಾಕಿದರೆ ಇವುಗಳಲ್ಲಿ ಅದೇ ಮುಂದು. ಮಹೀಂದ್ರದ ವಿದ್ಯುತ್ ಕ್ರಾಸ್‌ಓವರ್ ಬಿಇ 6 ಅದೇ ವರ್ಷದ ನವೆಂಬರಿನಲ್ಲಿ ಬಂದು ಹಳೆಯ ತರ್ಕವನ್ನೇ ತಲೆಕೆಳಗು ಮಾಡಿತು. ದೊಡ್ಡ ಬ್ಯಾಟರಿಯ ಬಿಇ 6 ಸೊನ್ನೆಯಿಂದ ನೂರು ಕಿ.ಮೀ. ವೇಗ ಮುಟ್ಟಲು 6.7 ಸೆಕೆಂಡು ಸಾಕು ಎನ್ನುತ್ತದೆ ಕಂಪನಿ. ಬ್ಯಾಟರಿಯ ಭಾರವೆಲ್ಲ ತಳದಲ್ಲೇ ಇರುವುದರಿಂದ ಎತ್ತರದ ಗಾಡಿಯಾದರೂ ತಿರುವಿನಲ್ಲಿ ವಾಲುವುದು ಕಡಿಮೆ. ಸದ್ದಿಲ್ಲದ ವೇಗವೂ ಒಂದು ವೇಗವೇ ಎಂದು ಕಾರುಪ್ರಿಯರು ಇನ್ನೂ ಜಗಳವಾಡುತ್ತಿದ್ದಾರೆ.

ಆದರೆ ಸೊನ್ನೆಯಿಂದ ನೂರರ ಲೆಕ್ಕ ಈ ಸೀಮೆಯಲ್ಲಿ ಯಾರಿಗೆ ಬೇಕು? ಇಲ್ಲಿ ಬೇಕಾದ್ದು ಮೂವತ್ತರಿಂದ ಎಂಬತ್ತರ ಲೆಕ್ಕ. ಕಬ್ಬು ಹೇರಿದ ಎರಡು ಟ್ರೇಲರಿನ ಟ್ರ್ಯಾಕ್ಟರ್ ಮುಂದೆ ತೆವಳುತ್ತಿರುತ್ತದೆ, ರಸ್ತೆ ಎರಡೇ ಪಥದ್ದು. ಎದುರಿನಿಂದ 80 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಸೆಕೆಂಡಿಗೆ 22 ಮೀಟರ್ ನುಂಗುತ್ತ ಬರುತ್ತದೆ. ಟ್ರ್ಯಾಕ್ಟರನ್ನು ದಾಟಲು ಒಂದು ಕಾರು ಇನ್ನೊಂದಕ್ಕಿಂತ ನಾಲ್ಕು ಸೆಕೆಂಡು ಕಡಿಮೆ ತೆಗೆದುಕೊಂಡರೆ ಬಸ್ಸಿಗೂ ತನಗೂ ನಡುವೆ 88 ಮೀಟರ್ ಉಳಿಯಿತು. ಜೀವ ಉಳಿಯುವ ಅಳತೆ ಅದು. ಟರ್ಬೊ ಎಂಜಿನ್ನಿನ ಪರವಾಗಿ ಹೇಳಬಹುದಾದ ನಿಜವಾದ ಮಾತು ಇದೇ, ಜಾಹೀರಾತಿನಲ್ಲಿ ಇದು ಕಾಣುವುದಿಲ್ಲ. ಇನ್ನೊಂದು ಮುಖವೂ ಉಂಟು. ವೇಗ 80ರಿಂದ 120ಕ್ಕೆ ಏರಿದರೆ ಢಿಕ್ಕಿಯ ಹೊಡೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಮಿತಿಯಂತೆ ವಿಭಜಿತ ನಾಲ್ಕು ಪಥದಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಇಂಥ ಒಳರಸ್ತೆಗಳಲ್ಲಿ 70. ದಾಟಲು ಕೊಟ್ಟ ಶಕ್ತಿಯನ್ನು ದಾಟಿದ ಮೇಲೂ ಬಿಡದೆ ತುಳಿಯುವವರಿಗೆ ಟರ್ಬೊ ಬೇಡ.

ಈ ವಾದ ಈಗ ಮನೆಯ ಪಡಸಾಲೆಗೂ ಬಂದಿದೆ. ಮೆಕ್ಕೆಜೋಳವೋ ಶೇಂಗಾವೋ ಒಂದೆರಡು ವರ್ಷ ಕೈ ಹಿಡಿದಿದೆ, ಕಾರು ತರಬೇಕೆಂದು ತೀರ್ಮಾನವಾಗಿದೆ. ಮಗನ ಪಾಲಿಗೆ ಎಲ್ಲವೂ ಖಚಿತ: ‘ಟರ್ಬೊ ಇಲ್ದಿದ್ರೆ ಆ ಗಾಡಿ ಯಾಕಪ್ಪಾ? ಸುಮ್ನೆ ದುಡ್ಡು ದಂಡ.’ ಅಪ್ಪನ ಉತ್ತರವೂ ಖಚಿತ: ‘ನಮ್ಮೂರ ಕ್ರಾಸಿನಿಂದ ಮನಿ ಮುಟ್ಟೋತನಕ ಏಳು ಹಂಪು ಅದಾವು ತಮ್ಮಾ. ಅವನ್ನ ಹತ್ತಿ ಇಳಿಯಾಕ ಟರ್ಬೊ ಬೇಕೇನಲೇ?’ ಅವ್ವ ನಡುವೆ ಬಾಯಿ ಹಾಕಿ ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಯುತ್ತವೆ ಎಂದು ಕೇಳುತ್ತಾಳೆ. ಈ ಪ್ರಶ್ನೆಯನ್ನು ಕಾರುಪ್ರಿಯರಲ್ಲಿ ಯಾರೂ ಎತ್ತಿದ್ದಿಲ್ಲ.

ಯಾರೂ ಎತ್ತದ ಇನ್ನೂ ಒಂದು ಮಾತಿದೆ. ಎರಡು ಕ್ಲಚ್ಚಿನ ಸ್ವಯಂಚಾಲಿತ ಗಿಯರ್ ಬಲು ಚುರುಕು, ಹಿಡಿಸಿದರೆ ಬಿಡಲು ಮನಸ್ಸಾಗುವುದಿಲ್ಲ. ಕೆಟ್ಟರೆ? ಅದನ್ನು ಬಿಚ್ಚಲು ಬಲ್ಲವರು ಊರ ಗ್ಯಾರೇಜಿನಲ್ಲಿಲ್ಲ. ಹೊಸಪೇಟೆ, ಬಳ್ಳಾರಿ, ದಾವಣಗೆರೆಗೆ ಗಾಡಿ ಎಳೆಸಬೇಕು. ಹರಪನಹಳ್ಳಿಯವರಿಗೆ ಇದು ಚೆನ್ನಾಗಿ ಗೊತ್ತು. ಅವರ ತಾಲ್ಲೂಕು ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಬೀದಿಯಲ್ಲಿ ಕೆಎ 17ರ ಹಳೆಯ ಕಾರುಗಳ ಪಕ್ಕದಲ್ಲೇ ಕೆಎ 35ರ ಹೊಸವು ನಿಲ್ಲುತ್ತವೆ. ಜಿಲ್ಲೆ ಬದಲಾದರೂ ಕೆಟ್ಟ ಕಾರು ಹೋಗುವುದು ಹತ್ತಿರದ ದಾವಣಗೆರೆಗೇ.

ಹಾಗಾದರೆ ಹೆಚ್ಚಿನ ಒಂದೂವರೆ ಎರಡು ಲಕ್ಷವನ್ನು ಯಾವುದಕ್ಕೆ ಸುರಿಯಬೇಕು? ಇಲ್ಲಿ ಕಾರುಪ್ರಿಯರಿಗೂ ಹಳ್ಳಿಯ ಹಿರಿಯರಿಗೂ ಇಬ್ಬರಿಗೂ ಒಂದು ಕುರುಡು ಇದೆ. ಗಟ್ಟಿ ಬಾಗಿಲು, ‘ಧಪ್’ ಎಂದು ಮುಚ್ಚಿಕೊಳ್ಳುವ ಸದ್ದು, ಇದನ್ನೇ ಭದ್ರತೆ ಎಂದು ನಂಬಿದವರು ಎರಡೂ ಕಡೆ ಇದ್ದಾರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಕೆಲವು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಢಿಕ್ಕಿ ಹೊಡೆಸಿ ನೋಡಿತು. ಗಟ್ಟಿತನಕ್ಕೆ ಹೆಸರಾದ ಪೋಲೊ ಏರ್‌ಬ್ಯಾಗ್ ಇಲ್ಲದಾಗ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದಾಗ ನಾಲ್ಕು ತಾರೆ ಪಡೆಯಿತು. ಒಡಲು ಅದೇ. 2018ರಲ್ಲಿ ಟಾಟಾ ನೆಕ್ಸಾನ್ ಐದು ತಾರೆ ಪಡೆದ ಮೊದಲ ಭಾರತೀಯ ಕಾರಾಯಿತು. 2020ರಲ್ಲಿ ಎಲ್ಲರೂ ಹೊಗಳಿದ್ದ ಸೆಲ್ಟೋಸ್‌ಗೆ ಸಿಕ್ಕಿದ್ದು ಮೂರು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಎತ್ತರದ ಗಾಡಿ ಕೊಳ್ಳುವವರು ಕೇಳಲೇಬೇಕಾದ್ದು ಇನ್ನೊಂದು: ಗಾಡಿ ಜಾರಿದಾಗ ಒಂದೊಂದು ಗಾಲಿಗೆ ತಾನೇ ಬ್ರೇಕ್ ಕೊಟ್ಟು ದಾರಿಗೆ ತರುವ ಇಎಸ್‌ಸಿ ಸಾಧನ. ಭಾರ ಮೇಲಕ್ಕೆ ಹೋದಷ್ಟೂ ಮಗುಚುವ ಭಯ ಹೆಚ್ಚು. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಸ್ಟಿಯರಿಂಗ್ ಎಳೆದ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಅದು, ಮೇಲ್ಛಾವಣಿಯ ಗಾಜಿನ ಕಿಟಕಿಯಲ್ಲ. ದುಡ್ಡು ಟರ್ಬೊಗೋ ಇದಕ್ಕೋ ಎಂಬ ಆಯ್ಕೆ ಬಂದರೆ ಮಗ ಸೋಲುವುದು ಲೇಸು.

ಇನ್ನು ಆ ಗೇಣು. ಕಂಪನಿಗಳು ಹೇಳುವ ಎತ್ತರ ಸಾಮಾನ್ಯವಾಗಿ ಖಾಲಿ ಗಾಡಿಯದ್ದು. ತೆರಿಗೆಗೂ ಖಾಲಿ ಗಾಡಿಯ ಎತ್ತರವನ್ನೇ ಹಿಡಿಯಬೇಕೆಂದು ಜಿಎಸ್‌ಟಿ ಮಂಡಳಿ 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು. ಅಗಸೆಯ ಮುಂದೆ ಹಿರಿಯರು ಅಳೆಯುವುದೂ ಖಾಲಿ ಗಾಡಿಯನ್ನೇ. ಕೊಟ್ಟೂರೇಶ್ವರನ ತೇರಿಗೆ ಮುಂದೆ ಇಬ್ಬರು, ಹಿಂದೆ ನಾಲ್ವರು, ತೊಡೆಯ ಮೇಲೆ ಎರಡು ಮಕ್ಕಳು, ಡಿಕ್ಕಿಯಲ್ಲಿ ರೊಟ್ಟಿಬುತ್ತಿ, ಮರಳುವಾಗ ಮಂಡಕ್ಕಿ ಚೀಲ ಎಂದಾದರೆ ಹಿಂದಿನ ಸ್ಪ್ರಿಂಗ್ ಕುಸಿದು ಬೆರಳುಗಟ್ಟಲೆ ಎತ್ತರ ಹೋಗುತ್ತದೆ. ಶೋರೂಮಿನವರು ಓಡಿಸಿ ನೋಡಲು ಕೊಡುವುದು ಒಬ್ಬರನ್ನೋ ಇಬ್ಬರನ್ನೋ ಕೂರಿಸಿ, ಹೊಸಪೇಟೆಯ ನುಣುಪು ರಸ್ತೆಯಲ್ಲಿ. ಮುಂಗಡ ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತಮ್ಮೂರ ಹಂಪಿನವರೆಗೆ ಒಮ್ಮೆ ಹೋಗಿಬರೋಣ ಎಂದು ಕೇಳಲು ಯಾವ ಸಂಕೋಚವೂ ಬೇಕಿಲ್ಲ. ಒಪ್ಪದಿದ್ದರೆ ಪಕ್ಕದ ಶೋರೂಮು ಇದ್ದೇ ಇದೆ.