ಬಿಡುವಿನ ವೇಳೆ: ಕೆಳದರ್ಜೆಯ ಮಾಯಾವಸ್ತುಗಳಲ್ಲಿ ಯಾವುದು ಮೇಲು?

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ನಂಜನಗೂಡಿನ ಸೋದರಿಯೊಬ್ಬರು ಬರೆದುದು ಸ್ವಲ್ಪ ವಿಲಕ್ಷಣವಾದುದು. ರಜಕ್ಕೆಂದು ತಿರುಮಕೂಡಲು ನರಸೀಪುರದಿಂದ ಅವರ ಅಣ್ಣನ ಮಗಳು ಬಂದಿರುವಳು. ಅವಳೂ, ಇವರ ಮೂವರು ಮಕ್ಕಳೂ, ನೆರೆಮನೆಯ ಹುಡುಗನೂ ಸೇರಿ ಭಾನುವಾರಗಳಲ್ಲಿ ನಡುಮನೆಯಲ್ಲಿ ಕುಳಿತು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಥೆಯಾಟವನ್ನು ಆಡುತ್ತಿರುವರಂತೆ. ಹಿರಿಯ ಮಗನು ಆಟದ ಸೂತ್ರಧಾರ. ಕಳ್ಳರ ತಂಡವನ್ನು ಗೆದ್ದ ಬಹುಮಾನವಾಗಿ ‘ಅಸಾಮಾನ್ಯ’ ದರ್ಜೆಯ ಮಾಯಾವಸ್ತು ಒಂದನ್ನೂ ‘ಸಾಮಾನ್ಯ’ ದರ್ಜೆಯವು ಎರಡನ್ನೂ ನೀವೇ ಆರಿಸಿಕೊಳ್ಳಿರಿ ಎಂದು ಆತನು ಹೇಳಿದನಂತೆ. ಅಂದಿನಿಂದ ಮೂರು ಭಾನುವಾರ ಆಟವೇ ಇಲ್ಲ. ಜಗಳ ಮಾತ್ರ ನಡೆದಿದೆ. ಎರಡನೆಯ ಮಗನಿಗೆ ಕತ್ತಿ ಬೇಕು, ಅಣ್ಣನ ಮಗಳಿಗೆ ಹಾರುವ ಪೊರಕೆ ಬೇಕು, ನೆರೆಮನೆಯ ಹುಡುಗನಿಗೆ ಜೋಳಿಗೆ ಬೇಕು. ಹತ್ತು ವರ್ಷದ ಕಿರಿಯ ಮಗಳು “ನನಗೇನೂ ಬೇಡ, ನಾನಿನ್ನು ಆಡುವುದೇ ಇಲ್ಲ” ಎಂದು ಎದ್ದುಹೋಗಿ ಅಡುಗೆಮನೆ ಸೇರಿದ್ದಾಳೆ. ಯಾವುದನ್ನು ಆರಿಸಬೇಕೆಂದು ತಾವಾದರೂ ಹೇಳಿರಿ ಎಂಬುದು ಸೋದರಿಯ ಬಿನ್ನಹ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಲೇಕ್ ಜಿನೀವಾ ಎಂಬ ಊರಿನಿಂದ ೧೯೭೪ರಲ್ಲಿ ಇದು ಹೊರಬಿದ್ದಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು. ಪಗಡೆಗೆ ಹಾಸು ಬೇಕು, ಚೌಕಾಬಾರಕ್ಕೆ ಮನೆ ಬರೆಯಬೇಕು. ಇದಕ್ಕೆ ಅದಾವುದೂ ಇಲ್ಲದೆ ನಡೆಯುವುದು. ಸೂತ್ರಧಾರನು ಕಥೆಯ ಸನ್ನಿವೇಶವನ್ನು ಹೇಳುತ್ತಾನೆ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ತಾವೇನು ಮಾಡುವೆವೆಂದು ಹೇಳುತ್ತಾರೆ. ಆಗುವುದೋ ಆಗದೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಗೆಲ್ಲುವವರು ಸೋಲುವವರು ಎಂಬ ಎರಡು ಪಕ್ಷಗಳಿಲ್ಲ. ಎಲ್ಲರೂ ಒಂದೇ ದಂಡು. ಆದುದರಿಂದಲೇ ದೊರೆತ ವಸ್ತುವನ್ನು ಹಂಚಿಕೊಳ್ಳುವಾಗ ಮನಸ್ತಾಪ ಬರುವುದು.

ಮಾಯಾವಸ್ತುಗಳಿಗೆ ಸಾಮಾನ್ಯ, ಅಸಾಮಾನ್ಯ, ವಿರಳ, ಅತಿವಿರಳ, ಪೌರಾಣಿಕ ಎಂದು ದರ್ಜೆಗಳುಂಟು. ೨೦೧೪ರ ನಿಯಮಗ್ರಂಥದಲ್ಲಿ ಸಾಮಾನ್ಯಕ್ಕೆ ೫೦ರಿಂದ ೧೦೦ ಹೊನ್ನು, ಅಸಾಮಾನ್ಯಕ್ಕೆ ೧೦೧ರಿಂದ ೫೦೦ ಹೊನ್ನು ಬೆಲೆ ಕಟ್ಟಿದ್ದಾರೆ. ವಿರಳವಾದುದಕ್ಕೆ ಐದು ಸಾವಿರದವರೆಗೂ ಏರುವುದು. ಕೆಳಗಿನ ಎರಡು ದರ್ಜೆಗಳ ವಸ್ತುಗಳೆಂದರೆ ಬಡವರ ಸಾಮಗ್ರಿಯೆಂಬ ತಾತ್ಸಾರ ಮಕ್ಕಳಲ್ಲಿರುವುದು ಸಹಜ. ನಂಜನಗೂಡಿನವರಿಗೆ ಈ ತಾತ್ಸಾರ ಸಲ್ಲದು. ೧೯೧೩ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯ ಚಿಕ್ಕ ಪೊಟ್ಟಣವು ಊರಿನ ಹೆಸರನ್ನು ಕನ್ನಡನಾಡಿನ ಎಷ್ಟು ಮನೆಗಳ ಬಚ್ಚಲಿಗೆ ಕೊಂಡೊಯ್ದಿತೆಂಬುದನ್ನು ಅವರು ಬಲ್ಲರಷ್ಟೆ.

ಮೊದಲು ಕತ್ತಿಯ ವಿಚಾರ. ಆ ಹುಡುಗನು ಬಯಸುವುದು ಒಂದಂಕ ಹೆಚ್ಚಿಸುವ ಕತ್ತಿಯನ್ನು. ದಾಳಕ್ಕೆ ಇಪ್ಪತ್ತು ಮುಖ. ಒಂದಂಕ ಕೂಡಿದರೆ ಇಪ್ಪತ್ತು ಬಾರಿ ಬೀಸಿದಾಗ ತಪ್ಪಿಹೋಗುತ್ತಿದ್ದ ಒಂದು ಪೆಟ್ಟು ತಗುಲುವುದು, ತಗುಲಿದ ಪ್ರತಿ ಪೆಟ್ಟೂ ಒಂದಂಕ ಹೆಚ್ಚಾಗುವುದು. ಒಂದು ಮಧ್ಯಾಹ್ನದ ಆಟದಲ್ಲಿ ಇಪ್ಪತ್ತು ಬಾರಿ ಕತ್ತಿ ಬೀಸುವುದೂ ಅಪರೂಪ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ನಮ್ಮ ಹಿರಿಯರು ನಂಬಿದವರು. ಕ್ಷೇತ್ರಮಹಿಮೆಯಲ್ಲಿ ಗುಲಗಂಜಿಗೂ ಬೆಲೆಯುಂಟು; ಆಟದ ಕತ್ತಿಯಲ್ಲಿ ಅಷ್ಟಾಗಿ ಇಲ್ಲ.

ಆದರೂ ಆ ಹುಡುಗನ ಪರವಾಗಿ ಒಂದು ಮಾತಿದೆ. ೨೦೧೪ರ ನಿಯಮದಂತೆ ಆಡುವವರಿಗೆ, ಸಾಧಾರಣ ಆಯುಧದ ಪೆಟ್ಟು ಅರ್ಧವೇ ತಗುಲುವ ಪಿಶಾಚಾದಿಗಳು ಎದುರಾಗುತ್ತವೆ. ಅಲ್ಲಿ ಮಾಯೆಯ ಆಯುಧವಿಲ್ಲದ ಯೋಧನು ಕೈಕಟ್ಟಿ ನಿಂತಂತೆಯೇ. ಇದಕ್ಕೆ ಪರಿಹಾರವು ಅಸಾಮಾನ್ಯ ದರ್ಜೆಯಲ್ಲಿಯೇ ಇರಬೇಕೆಂದಿಲ್ಲ. ೨೦೧೭ರಲ್ಲಿ ಬಂದ ‘ಕ್ಸಾನಥರನ ಕೈಪಿಡಿ’ಯಲ್ಲಿ ‘ಮೂನ್-ಟಚ್ಡ್ ಸೋರ್ಡ್’ ಎಂಬ ಸಾಮಾನ್ಯ ದರ್ಜೆಯ ಕತ್ತಿಯುಂಟು, ಬೆಳದಿಂಗಳ ಕತ್ತಿಯೆನ್ನೋಣ. ಕತ್ತಲೆಯಲ್ಲಿ ಒರೆಯಿಂದ ಹಿರಿದರೆ ಹದಿನೈದು ಅಡಿ ಚೆನ್ನಾಗಿಯೂ, ಅದರಾಚೆ ಮತ್ತೆ ಹದಿನೈದು ಅಡಿ ಮಂದವಾಗಿಯೂ ಬೆಳಗುವುದು. ಅಂಕವನ್ನು ಹೆಚ್ಚಿಸದು, ಆದರೆ ಮಾಯೆಯ ಆಯುಧವೆಂಬ ಲೆಕ್ಕಕ್ಕೆ ಸಲ್ಲುವುದು. ಹುಡುಗನಿಗೆ ಅವಶ್ಯವಾದುದು ಇದರಲ್ಲಿಯೇ ದೊರೆಯಿತು, ಪಂಜು ಹಿಡಿಯುವ ಕೈಯೊಂದೂ ಬಿಡುವಾಯಿತು. ಎರಡು ಸಾಮಾನ್ಯ ವಸ್ತುಗಳಲ್ಲಿ ಒಂದು ಇದೇ ಆಗಲಿ.

ಇನ್ನು ಪೊರಕೆ. ಕಸ ಗುಡಿಸುವ ಪೊರಕೆಯನ್ನು ತುಳಿಯಬಾರದು, ನಿಲ್ಲಿಸಬಾರದು ಎಂದು ನಿಯಮವಿರುವ ಮನೆಯಲ್ಲಿ ಅದನ್ನೇರಿ ಹಾರುವ ಮಾತನ್ನು ಅಜ್ಜಿಯರು ಹೇಗೆ ಸಹಿಸಿದರೋ ತಿಳಿಯದು. ಹಾಸ್ಯವಿರಲಿ, ಅಸಾಮಾನ್ಯ ದರ್ಜೆಯಲ್ಲಿ ಇದಕ್ಕಿಂತ ಬಲವಾದುದು ಬಹು ಕಡಿಮೆ. ಒಗ್ಗಿಸಿಕೊಳ್ಳುವ ತೊಡಕಿಲ್ಲ, ಗಳಿಗೆಯ ಮಿತಿಯಿಲ್ಲ, ೪೦೦ ಪೌಂಡು ಭಾರವನ್ನು ಹೊರುವುದು. ಬೇಡವೆನ್ನಲು ಈ ಬಲವೇ ಕಾರಣ. ಹಿರಿಯ ಮಗನು ತಲಕಾಡನ್ನೇ ಕಥೆಯ ನೆಲೆಯಾಗಿ ಮಾಡಿಕೊಂಡಿರುವನೆಂದು ಸೋದರಿಯು ಬರೆದಿದ್ದಾರೆ: ಮುಡುಕುತೊರೆಯ ಬೆಟ್ಟ, ಮರಳಿನಡಿ ಹೂತ ಗುಡಿ, ಆಚೆ ದಡದ ಮಾಲಂಗಿಯ ಮಡು. ಅಲಮೇಲಮ್ಮನ ಶಾಪದ ಕಥೆಯನ್ನು ಕೇಳಿದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಂಗಭೂಮಿ ಎಲ್ಲಿದೆ? ಪೊರಕೆಯೇರಿದವಳಿಗೆ ಮಡುವಿನ ಭಯವಿಲ್ಲ, ಮರಳಿನ ಭಯವಿಲ್ಲ, ಹರಿಗೋಲಿನ ಅಂಬಿಗನೊಡನೆ ಮಾತನಾಡುವ ಪ್ರಮೇಯವಿಲ್ಲ. ಅವಳೊಬ್ಬಳು ಆಚೆ ದಡದಲ್ಲಿ, ಉಳಿದ ಮೂವರು ಈಚೆ ದಡದಲ್ಲಿ. ಸೂತ್ರಧಾರನ ಕಥೆ ಮಾಲಂಗಿಗೆ ಮೊದಲೇ ಮುಳುಗಿತು.

ಒಗ್ಗಿಸಿಕೊಳ್ಳುವುದೆಂದೆವಷ್ಟೆ, ಅದನ್ನಿಲ್ಲಿ ವಿವರಿಸುವುದು ಲೇಸು. ಕೆಲವು ವಸ್ತುಗಳು ಕೈಗೆ ಬಂದೊಡನೆ ಫಲ ಕೊಡವು. ವಿರಾಮದ ಒಂದು ಗಂಟೆ ಅವುಗಳ ಮೇಲೆಯೇ ಮನಸ್ಸಿಟ್ಟು ಒಗ್ಗಿಸಿಕೊಳ್ಳಬೇಕು. ಹೀಗೆ ಒಬ್ಬನು ಒಗ್ಗಿಸಿಕೊಳ್ಳಬಹುದಾದುದು ಏಕಕಾಲಕ್ಕೆ ಮೂರು ಮಾತ್ರ. ಆರಂಭದಲ್ಲಿ ಮೂರು ಬಹಳವಾಗಿ ಕಾಣುವುದು. ಆಟ ಬೆಳೆದು ಮೇಲ್ದರ್ಜೆಯ ವಸ್ತುಗಳು ಬರತೊಡಗಿದಾಗ ಎಲ್ಲವೂ ಈ ಮೂರರೊಳಗೆ ಜಾಗ ಕೇಳುವುವು. ಆದುದರಿಂದ ಕೆಳದರ್ಜೆಯಲ್ಲಿ ಆರಿಸುವಾಗ ಒಗ್ಗಿಸುವ ಅಗತ್ಯವಿಲ್ಲದುದನ್ನೇ ಹುಡುಕಬೇಕು. ಅಂತಹುದು ಎಂದಿಗೂ ಹಳತಾಗದು.

ಈ ಪರೀಕ್ಷೆಯಲ್ಲಿ ಜೋಳಿಗೆಯು ಸುಲಭವಾಗಿ ತೇರ್ಗಡೆಯಾಗುವುದು. ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಆ ಜೋಳಿಗೆಯು ೫೦೦ ಪೌಂಡು, ಎಂದರೆ ಸುಮಾರು ಎರಡೂಕಾಲು ಕ್ವಿಂಟಾಲು ಹಿಡಿಯುವುದು. ೨೦೧೪ರ ನಿಯಮದಂತೆ ಏನನ್ನು ತುಂಬಿದರೂ ಹೊತ್ತವನಿಗೆ ೧೫ ಪೌಂಡಿನ ಭಾರವೇ. ಕಂಸಾಳೆಯವರ ಹಾಡಿನಲ್ಲಿ ಮಾದಪ್ಪನ ಬೆತ್ತವನ್ನೂ ಜೋಳಿಗೆಯನ್ನೂ ಕೇಳಿದ ಸೀಮೆಯ ಮಕ್ಕಳಿಗೆ ಇದು ಹೊಸದಾಗಿ ತೋರದು. ಚೂಪಾದ ವಸ್ತು ಚುಚ್ಚಿ ಹರಿದರೆ ಒಳಗಿರುವುದೆಲ್ಲ ಬೇರೆ ಲೋಕದಲ್ಲಿ ಚೆಲ್ಲಿಹೋಗುವುದೆಂಬ ಎಚ್ಚರಿಕೆ ಮಾತ್ರ ಬೇಕು. ಬಲ್ಲವರಲ್ಲಿ ಅನೇಕರು ಮೊದಲು ಹೇಳುವುದು ಈ ಜೋಳಿಗೆಯನ್ನೇ. ಆದರೆ ನಾವು ಸೋದರಿಯನ್ನು ಕೇಳುವ ಪ್ರಶ್ನೆಯೊಂದಿದೆ: ತಮ್ಮ ಹಿರಿಯ ಮಗನು ಆಟದಲ್ಲಿ ಹೊರೆಯ ಲೆಕ್ಕವನ್ನು ಇಡುತ್ತಾನೆಯೆ? ಯಾರು ಎಷ್ಟು ಹೊತ್ತರೂ ಕೇಳದ ಸೂತ್ರಧಾರನ ಮನೆಯಲ್ಲಿ ಜೋಳಿಗೆಯಿಂದ ಪ್ರಯೋಜನವಿಲ್ಲ. ಊಟದ ಲೆಕ್ಕವಿಡದ ಕಡೆ ಒಂದು ದಿನದ ಹಸಿವನ್ನು ಕಳೆಯುವ ಗುಳಿಗೆ ವ್ಯರ್ಥ. ಕತ್ತಲೆಯನ್ನು ಮರೆತ ಕಡೆ ಇರುಳುಗನ್ನಡಕ ವ್ಯರ್ಥ. ಪುಸ್ತಕದ ಪಟ್ಟಿಯನ್ನು ತಿರುವಿಹಾಕುವುದಕ್ಕೆ ಮುಂಚೆ ತಮ್ಮ ನಡುಮನೆಯಲ್ಲಿ ಯಾವ ತೊಂದರೆಯು ನಿಜವಾಗಿಯೂ ತೊಂದರೆಯಾಗಿದೆ ಎಂಬುದನ್ನು ನೋಡಿಕೊಳ್ಳಬೇಕು. ಸೋದರಿಯ ಕಾಗದದಲ್ಲಿ ಹೊರೆಯ ಪ್ರಸ್ತಾಪವೇ ಇಲ್ಲ. ಮರಳು, ನೀರು, ಕುಸಿಯುವ ಗೋಡೆ, ಇವೇ ಇವೆ.

ಆ ಕಾಗದದಲ್ಲಿರುವ ನಿಜವಾದ ತೊಂದರೆಯೆಂದರೆ ಕಿರಿಯ ಮಗಳದು. ಅವಳ ಪಾತ್ರ ವೈದ್ಯೆಯದು. ಯಾರಾದರೂ ಗಾಯಗೊಂಡರೆ ಕರೆಯುತ್ತಾರೆ. ಮಂತ್ರ ಮುಗಿದ ಮೇಲೆ ಆಟ ಮುಗಿಯುವವರೆಗೂ ಸುಮ್ಮನೆ ಕುಳಿತಿರುತ್ತಾಳೆ. ವಸ್ತುಗಳನ್ನು ಆರಿಸುವಾಗಲೂ ಅವಳಿಗೇನು ಬೇಕೆಂದು ಒಬ್ಬರೂ ಕೇಳಿದಂತಿಲ್ಲ. ‘ಪರ್ಲ್ ಆಫ್ ಪವರ್’ ಎಂಬ ಮುತ್ತನ್ನು ಕೊಡಿಸೋಣವೆಂದು ತಾಯಿಯು ಸೂಚಿಸಿದ್ದಾರೆ. ದಿನಕ್ಕೊಮ್ಮೆ ವ್ಯಯವಾದ ಮಂತ್ರಶಕ್ತಿಯನ್ನು ಅದು ಮರಳಿಸುವುದು ನಿಜ, ಒಗ್ಗಿಸಿಕೊಳ್ಳಲೂ ಬೇಕು. ಆದರೆ ಅದರಿಂದ ಆಗುವುದೇನು? ಅಣ್ಣನ ಗಾಯಕ್ಕೆ ಇನ್ನೊಂದು ಬಾರಿ ಮುಲಾಮು ಹಚ್ಚುವಳು, ಮತ್ತೆ ಸುಮ್ಮನೆ ಕುಳಿತುಕೊಳ್ಳುವಳು.

ಅವಳಿಗೆ ಕೊಡತಕ್ಕುದು ‘ಇಮ್ಮೂವಬಲ್ ರಾಡ್’, ಅಚಲದಂಡ. ನೋಡಲು ಒಂದು ಕಬ್ಬಿಣದ ಸರಳು, ತುದಿಯಲ್ಲೊಂದು ಗುಂಡಿ. ಗುಂಡಿಯನ್ನೊತ್ತಿದರೆ ಸರಳು ಇದ್ದಲ್ಲಿಯೇ, ನಡುಗಾಳಿಯಲ್ಲಾದರೂ, ಅಲ್ಲಾಡದೆ ನಿಲ್ಲುವುದು. ೮,೦೦೦ ಪೌಂಡು, ಸುಮಾರು ೩,೬೦೦ ಕಿಲೋಗ್ರಾಂ ಭಾರವನ್ನು ತಾಳುವುದು. ಒಗ್ಗಿಸುವ ಕೆಲಸವಿಲ್ಲ, ದಿನಕ್ಕಿಷ್ಟೇ ಬಾರಿ ಎಂಬ ಕಟ್ಟಿಲ್ಲ, ತೋಳಿನ ಬಲವೂ ಬೇಡ. ಮುಖ್ಯವಾಗಿ, ಇದರಲ್ಲಿ ಅಂಕವೇ ಇಲ್ಲ. ಏನು ಮಾಡಬೇಕೆಂಬುದನ್ನು ಹಿಡಿದವಳು ಯೋಚಿಸಬೇಕು. ಹೂತ ಗುಡಿಯ ಬಾಗಿಲಿಗೆ ಅಡ್ಡವಿಟ್ಟು ಒತ್ತಿದರೆ ಒಳಗಿನ ರಾಕ್ಷಸನು ಹೊರಗೆ ಬರಲಾರ. ಕುಸಿಯುವ ತೊಲೆಯ ಕೆಳಗೆ ಒತ್ತಿದರೆ ಹತ್ತು ವರ್ಷದ ಹುಡುಗಿಯು ಚಾವಣಿಯನ್ನೇ ತಡೆದು ನಿಲ್ಲಿಸಿದಂತಾಯಿತು. ಮಡುವಿನ ಸುಳಿಯಲ್ಲಿ ಹರಿಗೋಲು ಗಿರನೆ ತಿರುಗುವಾಗ ದಂಡವನ್ನು ನೀರಿನ ಮೇಲೆ ನಿಲ್ಲಿಸಿ ಹಗ್ಗ ಕಟ್ಟಿದರೆ ಅದೇ ಲಂಗರು. ಕತ್ತಿ ಹಿಡಿದ ಅಣ್ಣನು ಆಗ ತಂಗಿಯ ಮುಖವನ್ನು ನೋಡಬೇಕಾಗುವುದು.

ಹಗ್ಗವೆಂದುದರಿಂದ ಎರಡನೆಯ ಸಾಮಾನ್ಯ ವಸ್ತುವೂ ಗೊತ್ತಾಯಿತು. ‘ರೋಪ್ ಆಫ್ ಮೆಂಡಿಂಗ್’ ಎಂಬ ಐವತ್ತಡಿಯ ಹಗ್ಗವನ್ನು ಎಷ್ಟು ತುಂಡು ಮಾಡಿದರೂ, ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಮಾತೊಂದನ್ನು ನುಡಿದರೆ ಮತ್ತೆ ಒಂದಾಗುವುದು. ತುಂಡೊಂದು ಕಳೆದುಹೋದರೆ ಅಷ್ಟು ಉದ್ದ ಕಡಿಮೆಯಾಗುವುದೆಂಬುದೊಂದೇ ಕೊರತೆ. ಇದನ್ನು ನೆರೆಮನೆಯ ಹುಡುಗನು ಹೊರಲಿ. ದಂಡವಿಲ್ಲದೆ ಅವನ ಹಗ್ಗಕ್ಕೆ ಕಟ್ಟಲು ಗೂಟವಿಲ್ಲ, ಹಗ್ಗವಿಲ್ಲದೆ ಅವಳ ದಂಡಕ್ಕೆ ಅರ್ಧ ಕೆಲಸವಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಯೇ ನಡೆಯಬೇಕು. ಗೃಹಿಣಿಯರ ಮನಸ್ಸನ್ನು ಸೆಳೆಯುವ ‘ಹೆವರ್ಡ್‌ನ ಸಂಬಾರದ ಚೀಲ’ವೂ ಇದೇ ದರ್ಜೆಯದು: ಕೈ ಹಾಕಿ ಉಪ್ಪು, ಮೆಣಸು, ಕೇಸರಿ ಎಂದು ಹೆಸರಿಸಿದರೆ ಒಂದು ಅಡುಗೆಗೆ ಸಾಲುವಷ್ಟು ಬರುವುದು. ನಮಗಾದರೆ ಅದೇ ಬೇಕು. ಮಕ್ಕಳ ದಂಡಿಗೆ ಈಗ ಬೇಡ.

ಎರಡನೆಯ ಯೋಗ್ಯತೆಯದು ಬತ್ತದ ಗಿಂಡಿ, ‘ಡಿಕ್ಯಾಂಟರ್ ಆಫ್ ಎಂಡ್ಲೆಸ್ ವಾಟರ್’. ಮಾತಿಗೆ ತಕ್ಕಂತೆ ಒಂದು, ಐದು ಅಥವಾ ಮೂವತ್ತು ಗ್ಯಾಲನ್ ನೀರನ್ನು ಚಿಮ್ಮಿಸುವುದು. ಒಣಮರಳನ್ನು ಅಗೆದಷ್ಟೂ ಕುಸಿಯುವುದೆಂದೂ, ತೇವದ ಮರಳು ಗೋಡೆಯಾಗಿ ನಿಲ್ಲುವುದೆಂದೂ ಹೊಳೆಯ ದಡದಲ್ಲಿ ಆಡಿ ಬೆಳೆದ ಮಕ್ಕಳಿಗೆ ಹೇಳಬೇಕಾದುದಿಲ್ಲ. ಮುಂದಿನ ಬಹುಮಾನ ಬಂದಾಗ ಇದು ಅಣ್ಣನ ಮಗಳಿಗೆ ಸಲ್ಲಲಿ. ಈ ಬಾರಿ ಅವಳ ಕೈ ಬರಿದಾಗುವುದು ನಮಗೆ ಗೊತ್ತು. ಆದರೆ ಮಂತ್ರವಾದಿಯ ಪಾತ್ರದವಳಿಗೆ ಪ್ರತಿ ಸನ್ನಿವೇಶದಲ್ಲಿಯೂ ಮಾಡಲು ಏನಾದರೊಂದು ಇದ್ದೇ ಇರುವುದು, ಹುಡುಗಿಯೂ ಹಿರಿಯಳು. ನೆಂಟರ ಮನೆಗೆ ಬಂದವಳನ್ನು ಬರಿಗೈಯಲ್ಲಿ ಕೂರಿಸಿದರೆಂಬ ಮಾತು ಬಾರದಂತೆ ಅತ್ತೆಯೇ ಅವಳನ್ನು ಕರೆದು ತಿಳಿಸಿ ಹೇಳುವುದು ಮೇಲು.

ಜಗಳವಾಡುವವರಿಗೆ ಪುತ್ರಕನ ಕಥೆಯನ್ನೊಮ್ಮೆ ಹೇಳಿ ನೋಡಬಹುದು. ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ಬರೆದ ‘ಕಥಾಸರಿತ್ಸಾಗರ’ದಲ್ಲಿ ಅದು ಆರಂಭದಲ್ಲಿಯೇ ಬರುವುದು. ಮಯಾಸುರನ ಇಬ್ಬರು ಮಕ್ಕಳು ತಂದೆಯ ಆಸ್ತಿಯಾದ ಪಾತ್ರೆ, ಕೋಲು, ಪಾದುಕೆಗಳಿಗಾಗಿ ಹೊಡೆದಾಡುತ್ತಿದ್ದರು. ಬೇಡಿದ ಊಟವನ್ನು ಕೊಡುವ ಪಾತ್ರೆ, ಬರೆದುದನ್ನು ನಿಜವಾಗಿಸುವ ಕೋಲು, ಆಕಾಶದಲ್ಲಿ ಹಾರಿಸುವ ಪಾದುಕೆ. ದಾರಿಯಲ್ಲಿ ಬಂದ ಪುತ್ರಕನು, ಹೊಡೆದಾಟವೇಕೆ, ಓಟದಲ್ಲಿ ಗೆದ್ದವನು ತೆಗೆದುಕೊಳ್ಳಲಿ ಎಂದನು. ಇಬ್ಬರೂ ಓಡಿದರು. ಪುತ್ರಕನು ಪಾದುಕೆಯನ್ನು ಮೆಟ್ಟಿ, ಪಾತ್ರೆಯನ್ನೂ ಕೋಲನ್ನೂ ಎತ್ತಿಕೊಂಡು ಹಾರಿಹೋದನು. ಸೂತ್ರಧಾರನಾದ ಹಿರಿಯ ಮಗನು ಇದನ್ನು ಓದಿದ್ದರೆ ಮೂರು ಭಾನುವಾರ ಕಾಯುತ್ತಿರಲಿಲ್ಲ.

ಕಡೆಯದಾಗಿ ಕಿರಿಯ ಮಗಳಿಗೆ ಒಂದು ಸೂಚನೆ. ಒಮ್ಮೆ ನಿಲ್ಲಿಸಿದ ಅಚಲದಂಡವು ಯಾರಾದರೂ ಮತ್ತೆ ಗುಂಡಿಯನ್ನೊತ್ತುವವರೆಗೂ ಅಲ್ಲಿಯೇ ನಿಂತಿರುವುದು. ಅವಸರದಲ್ಲಿ ಅದನ್ನು ಬಿಟ್ಟು ಬರುವುದು ಸುಲಭ. ಎಲ್ಲಿ ನಿಲ್ಲಿಸಿದೆನೆಂಬುದನ್ನು ತನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಆಗಲೇ ಗುರುತು ಹಾಕಿಕೊಳ್ಳಲಿ. ಅಣ್ಣಂದಿರು ನೆನಪು ಮಾಡುವರೆಂದು ನಂಬಬೇಡವೆಂದು ಹೇಳಿರಿ.