ಅದೇ ಬಂಡೆ, ಬೇರೆ ಗ್ರಹ

ಹಾಸನದ ನಮ್ಮ ಹುಡುಗರು ನಾಲ್ಕು ಜನ ಸೇರಿ ಒಂದು ವೆಬ್ ಸೀರೀಸ್ ಶುರು ಮಾಡಿದ್ದಾರೆ. ಸೈನ್ಸ್ ಫಿಕ್ಷನ್! ಬಜೆಟ್ ಎಷ್ಟು ಅಂತ ಮಾತ್ರ ಕೇಳಬೇಡಿ. ಗಗನಯಾತ್ರಿಯ ಹೆಲ್ಮೆಟ್ಟು ಬೈಕಿನದ್ದು, ಬೆನ್ನಿಗಿರೋ ಆಕ್ಸಿಜನ್ ಸಿಲಿಂಡರು ಆಲೂಗಡ್ಡೆ ಬೆಳೆಗೆ ಔಷಧಿ ಹೊಡೆಯೋ ಸ್ಪ್ರೇಯರು. ಮೊದಲ ಎಪಿಸೋಡಿನಲ್ಲಿ ಹೀರೋ ಒಂದು ಸತ್ತ ಗ್ರಹದ ಮೇಲೆ ಇಳಿಯುತ್ತಾನೆ. ಸುತ್ತ ಬಿರುಕು ಬಿಟ್ಟ ಕೆಸರು. ನಡುವೆ ಚಾವಣಿಯಿಲ್ಲದ, ಎತ್ತರದ ಕಮಾನುಗಳ ಒಂದು ಕಟ್ಟಡ. ಹೀರೋ ಗಂಭೀರವಾಗಿ ಕೇಳುತ್ತಾನೆ: "ಇಲ್ಲಿ ಯಾರಿದ್ದರು?"

ನಾನು ಆಫೀಸ್ ಕ್ಯಾಬಿನಲ್ಲಿ ಕೂತಲ್ಲೇ ಜೋರಾಗಿ ನಕ್ಕುಬಿಟ್ಟೆ. ನಮ್ಮ ಜಿಲ್ಲೆಯವರು ಯಾರಾದರೂ ನಗುತ್ತಾರೆ. ಅದು ಶೆಟ್ಟಿಹಳ್ಳಿ ಚರ್ಚು ಕಣ್ರೀ!

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಹಿನ್ನೀರಿನಲ್ಲಿ ಈ ಚರ್ಚಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಊರು ಖಾಲಿಯಾಯಿತು, ಚರ್ಚು ಮಾತ್ರ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೆ. ಹಾಡು, ಕಿರುಚಿತ್ರ, ಪ್ರೀ-ವೆಡ್ಡಿಂಗ್ ಶೂಟು ಎಲ್ಲಾ ಆಗಿ ಈಗ ಬೇರೆ ಗ್ರಹ ಆಗೋ ಸರದಿ ಬಂದಿದೆ.

ನಕ್ಕೆ ಅಂದೆನಲ್ಲ, ಅದು ಅಣಕದ ನಗು ಅಲ್ಲ. ಕಡಿಮೆ ಬಜೆಟ್ಟಿನ ಸೈನ್ಸ್ ಫಿಕ್ಷನ್ ಧಾರಾವಾಹಿಗಳಲ್ಲಿ ನನಗೆ ತುಂಬಾ ಇಷ್ಟವಾಗೋದೇ ಇದು: "ಅರೆ, ಈ ಜಾಗ ಆವತ್ತೇ ನೋಡಿದ್ನಲ್ಲ!"

ಬಿಬಿಸಿಯ 'ಡಾಕ್ಟರ್ ಹೂ' ನೋಡಿ. 1963ರಲ್ಲಿ ಶುರುವಾದದ್ದು. ಕಥೆಯಲ್ಲಿ ಡಾಕ್ಟರ್ ಇಡೀ ಬ್ರಹ್ಮಾಂಡ ಸುತ್ತುತ್ತಾನೆ, ಆದರೆ ಇಳಿಯೋದು ಹೆಚ್ಚಾಗಿ ಒಂದು ಕಲ್ಲು ಕ್ವಾರಿಯಲ್ಲಿ. ಲಂಡನ್ನಿಗೆ ಹತ್ತಿರದ ಬೆಚ್‌ವರ್ತ್ ಕ್ವಾರಿ 1975ರಲ್ಲಿ ಡಾಲೆಕ್‌ಗಳ ಯುದ್ಧಭೂಮಿ. ಮರುವರ್ಷ ಅದೇ ಕ್ವಾರಿ ಇನ್ನೊಂದು ಕಥೆಯಲ್ಲಿ ದುಃಸ್ವಪ್ನದ ಲೋಕ. ಈ ಕ್ವಾರಿಗಳ ಬಗ್ಗೆ ಎಷ್ಟು ತಮಾಷೆಯಿತ್ತೆಂದರೆ, 1976ರ ಒಂದು ಕಥೆಯಲ್ಲಿ ಕ್ವಾರಿ ಕೊನೆಗೂ ಕ್ವಾರಿಯಾಗಿಯೇ ನಟಿಸಿತು. ಡಾಕ್ಟರ್ ಇಳಿದದ್ದು ಭೂಮಿಯ ಮೇಲಿನ ನಿಜವಾದ ಕಲ್ಲು ಗಣಿಯಲ್ಲಿ, ಅದೂ ಬಂಡೆ ಸಿಡಿಸೋ ಹೊತ್ತಿಗೆ ಸರಿಯಾಗಿ!

'ಸ್ಟಾರ್ ಟ್ರೆಕ್'ನದ್ದೂ ಇದೇ ಕಥೆ. ಲಾಸ್ ಏಂಜಲೀಸ್ ಹತ್ತಿರ ವಾಸ್ಕ್ವೆಜ್ ರಾಕ್ಸ್ ಅಂತ ಓರೆಯಾಗಿ ಆಕಾಶಕ್ಕೆ ಚಾಚಿದ ಬಂಡೆಗಳಿವೆ. 1967ರಲ್ಲಿ ಕ್ಯಾಪ್ಟನ್ ಕರ್ಕ್ ಹಲ್ಲಿಮುಖದ ಗಾರ್ನ್ ಜೊತೆ ಗುದ್ದಾಡಿದ್ದು ಅಲ್ಲೇ. 1986ರ ಸಿನಿಮಾದಲ್ಲಿ ಅದೇ ಬಂಡೆ ಸ್ಪಾಕ್‌ನ ತವರು ಗ್ರಹ ವಲ್ಕನ್ ಆಯಿತು, 2009ರ ಸಿನಿಮಾದಲ್ಲಿ ಮತ್ತೆ ವಲ್ಕನ್. ಅಸಲಿಗೆ ಆ ಹೆಸರು ಬಂದದ್ದು 1870ರ ದಶಕದಲ್ಲಿ ಅಲ್ಲಿ ಅಡಗಿದ್ದ ವಾಸ್ಕ್ವೆಜ್ ಅನ್ನೋ ದರೋಡೆಕೋರನಿಂದ. ಗಬ್ಬರ್ ಸಿಂಗ್ ನಮ್ಮ ರಾಮನಗರದ ಬಂಡೆಗೆ ಬಂದದ್ದು ಸಿನಿಮಾದಲ್ಲಿ; ಅಲ್ಲಿ ಮೊದಲೇ ಒಬ್ಬ ನಿಜವಾದ ಗಬ್ಬರ್ ಇದ್ದ ಅನ್ನಿ.

ನಮ್ಮಪ್ಪ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ನೋಡಿದವರು. ಎದುರುಮನೆಯ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ, ಹಾಸನದಲ್ಲೇ ಕೂತು. ದೂರದರ್ಶನವನ್ನು ದೇಶದ ಮೂಲೆಮೂಲೆಗೆ ತಲುಪಿಸಿದ್ದು ಇನ್ಸಾಟ್ ಉಪಗ್ರಹ. ಆ ಉಪಗ್ರಹವನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದದ್ದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಅಲ್ಲಿದೆ. ಟಿವಿಯಲ್ಲಿ ಥರ್ಮಾಕೋಲ್ ಬಂಡೆ ಎತ್ತಿ ಎಸೆಯೋ ಕರ್ಕ್, ಅದೇ ಊರಿನ ರಸ್ತೆ ಬದಿಯಲ್ಲಿ ನಿಜವಾದ ಉಪಗ್ರಹಗಳಿಗೆ ದಾರಿ ತೋರಿಸೋ ಎಂಜಿನಿಯರ್‌ಗಳು. ಅಪ್ಪನಿಗೆ ಇದು ಯಾವತ್ತೂ ವಿಚಿತ್ರ ಅನ್ನಿಸಿರಲಿಲ್ಲವಂತೆ. "ಅವರು ಡ್ಯೂಟಿಗೆ ಹೋಗೋರು, ನಾವು ಟಿವಿ ನೋಡೋರು, ಅಷ್ಟೇ" ಅಂತಾರೆ.

ಇನ್ನೊಂದು ಉದಾಹರಣೆ ಹೇಳಲೇಬೇಕು. 'ಸ್ಟಾರ್ ಟ್ರೆಕ್'ನ 1967ರ ಒಂದು ಪ್ರಸಿದ್ಧ ಎಪಿಸೋಡಿನಲ್ಲಿ ಕರ್ಕ್ 1930ರ ನ್ಯೂಯಾರ್ಕ್‌ಗೆ ಹೋಗುತ್ತಾನೆ. ಹೊಸ ಬೀದಿ ಕಟ್ಟೋಕೆ ದುಡ್ಡೆಲ್ಲಿ? 'ಫಾರ್ಟಿ ಏಕರ್ಸ್' ಅನ್ನೋ ಹಳೇ ಸ್ಟುಡಿಯೋ ಮೈದಾನದಲ್ಲಿ ಅದಾಗಲೇ ನಿಂತಿದ್ದ ಬೀದಿಯಲ್ಲೇ ಶೂಟ್ ಮಾಡಿದರು. ಅದು 'ಆಂಡಿ ಗ್ರಿಫಿತ್ ಶೋ' ಅನ್ನೋ ಹಳ್ಳಿ ಕಾಮಿಡಿಯ ಬೀದಿ. ಆ ಕಾಮಿಡಿಯ ಕ್ಷೌರದಂಗಡಿಯ ಬೋರ್ಡು ಹಾಗೇ ಉಳಿದಿತ್ತು, ಕರ್ಕ್ ಅದರ ಮುಂದೆಯೇ ನಡೆದುಹೋದ. ಅಮೆರಿಕದವರು ಇವತ್ತಿಗೂ ಅದನ್ನು ತೋರಿಸಿ ನಗುತ್ತಾರೆ. ಆದರೆ 1976ರಲ್ಲಿ ಆ ಸೆಟ್ಟುಗಳನ್ನೆಲ್ಲ ಕೆಡವಿಹಾಕಿದರು. ಆ ಬೀದಿ ಈಗ ಇರೋದು ಅದನ್ನು ಮತ್ತೆ ಮತ್ತೆ ಬಳಸಿಕೊಂಡ ಎಪಿಸೋಡುಗಳಲ್ಲಿ ಮಾತ್ರ.

ಇದನ್ನು ಓದಿದಾಗ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಕಳೆದ ತಿಂಗಳು, ಅಜ್ಜಿಗೆ ನಮ್ಮ ಹುಡುಗರ ಎಪಿಸೋಡು ತೋರಿಸಿದಾಗ.

ಅಜ್ಜಿಯ ಊರು ಶೆಟ್ಟಿಹಳ್ಳಿಯಿಂದ ಒಂದೆರಡು ಮೈಲಿ ಆಚೆ ಇತ್ತು. ಅದೂ ಮುಳುಗಿತು. ದಾಯಾದಿಗಳಲ್ಲಿ ಒಬ್ಬರು ಅರಕಲಗೂಡಿಗೆ ಹೋದರು, ಒಬ್ಬರು ಚನ್ನರಾಯಪಟ್ಟಣದ ಕಡೆಗೆ, ನಮ್ಮವರು ಹೊಳೆನರಸೀಪುರದ ಕಡೆಗೆ. ಹೊರಡುವಾಗ ಮನೆಯ ಬಾಗಿಲುವಾಡ, ಎರಡು ಕಂಬ, ಆದಷ್ಟು ಹೆಂಚು ಗಾಡಿಗೆ ಹೇರಿಕೊಂಡು ಬಂದರಂತೆ. ಆ ಎರಡು ಕಂಬ ಈಗಲೂ ನಡುಮನೆಯಲ್ಲಿವೆ. ಅವುಗಳ ಮೈಮೇಲೆ ಅಲ್ಲಲ್ಲಿ ಚೌಕದ ತೂತುಗಳಿವೆ, ಈಗಿನ ಮನೆಯ ಯಾವ ತೊಲೆಗೂ ಅವು ಹೊಂದಲ್ಲ. ಚಿಕ್ಕವನಿದ್ದಾಗ ಅದರೊಳಗೆ ಗೋಲಿ ಬಚ್ಚಿಡುತ್ತಿದ್ದೆ. ಅದು ನಮ್ಮ ಮನೆಯ ಕ್ಷೌರದಂಗಡಿ ಬೋರ್ಡು ಅಂತ ಈಗ ಹೊಳೆಯುತ್ತಿದೆ.

ಫೋನ್ ಕೈಗೆ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿತು. ಹೆಲ್ಮೆಟ್ಟು, ಸ್ಪ್ರೇಯರು, ಲೇಸರ್ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

"ಇದು ಯುಗಾದಿ ಆದ್ಮೇಲೆ ತೆಗ್ದಿರೋದು ಕಣ್ಲಾ. ನೀರು ಎಷ್ಟು ಇಳ್ದೈತೆ ನೋಡು" ಅಂತು. ಗೋಡೆಯ ಮೇಲಿನ ನೀರಿನ ಗೆರೆ ನೋಡಿಯೇ ಹೇಳಿದ್ದು. ಆಮೇಲೆ, "ಈ ಮಗ್ಗುಲು ಗೋಡೆ ಇನ್ನೂ ಎತ್ರ ಇತ್ತಲ್ಲ, ಬಿತ್ತಾ?"

ಹುಡುಗರು ಕಾಲೇಜಿನಲ್ಲಿದ್ದಾಗ ಅಲ್ಲೇ ಒಂದು ದೆವ್ವದ ಕಿರುಚಿತ್ರ ಮಾಡಿದ್ದರು. ಅದನ್ನೂ ಹುಡುಕಿ ತೆಗೆದೆ. ಹೌದು, ಅದರಲ್ಲಿ ಗೋಡೆ ಇದೆ. ದೆವ್ವ ಒರಗಿ ನಿಂತದ್ದೇ ಆ ಗೋಡೆಗೆ. ವರ್ಷಾವರ್ಷ ನೀರು ಹತ್ತಿ ಇಳಿದು ಚರ್ಚು ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಎರಡು ಬಡಪಾಯಿ ವೀಡಿಯೋಗಳನ್ನು ಒಂದರ ಪಕ್ಕ ಒಂದಿಟ್ಟಾಗ ಕಣ್ಣಿಗೆ ಕಂಡಿತು. ದುಡ್ಡಿದ್ದಿದ್ದರೆ ಹುಡುಗರು ಎರಡನೇ ಸಲ ಅಲ್ಲಿಗೆ ಯಾಕೆ ಹೋಗ್ತಿದ್ರು? ಗ್ರೀನ್ ಸ್ಕ್ರೀನ್ ಮುಂದೆ ನಿಂತು, ಎಲ್ಲೂ ಇಲ್ಲದ ಒಂದು ಗ್ರಹ ತೋರಿಸ್ತಿದ್ರು. ಚೆನ್ನಾಗೇ ಇರ್ತಿತ್ತೇನೋ. ಆದರೆ ಅಜ್ಜಿ ಅದರಲ್ಲಿ ಏನನ್ನೂ ಗುರುತು ಹಿಡೀತಿರಲಿಲ್ಲ.

ಅಷ್ಟರಲ್ಲಿ ವೀಡಿಯೋ ಆ ಡೈಲಾಗಿಗೆ ಬಂತು. ಹೀರೋ ಕಮಾನಿನ ಕೆಳಗೆ ನಿಂತು ಕೇಳಿದ: "ಇಲ್ಲಿ ಯಾರಿದ್ದರು?"

"ನಾವಿದ್ವಿ ಕಣಪ್ಪ" ಅಂತು ಅಜ್ಜಿ, ಎದುರಿಗೆ ನಿಂತು ಕೇಳಿದವನಿಗೆ ಹೇಳುವ ಹಾಗೆ. ಆಮೇಲೆ ಫೋನಿನ ಮೇಲೆ ಬೆರಳಿಟ್ಟು ತೋರಿಸಿತು: "ಇವನ ತಲೆ ಹಿಂದೆ ದಿಬ್ಬ ಕಾಣುತ್ತಲ್ಲ, ಅದರ ಬಲಕ್ಕೆ ನಮ್ ಗದ್ದೆ. ಬೆಳಿಗ್ಗೆ ಗಂಟೆ ಹೊಡುದ್ರೆ ಅಲ್ಲಿಗಂಟ ಕೇಳೋದು." ಬೆರಳು ತಾಗಿ ವೀಡಿಯೋ ನಿಂತುಹೋಗಿತ್ತು. ನಾನು ಮತ್ತೆ ಪ್ಲೇ ಮಾಡಲಿಲ್ಲ. ಅಜ್ಜಿ ಸುಮಾರು ಹೊತ್ತು ಆ ದಿಬ್ಬವನ್ನೇ ನೋಡುತ್ತಾ ಕೂತಿತ್ತು.

ಮೊನ್ನೆ ಡೈರೆಕ್ಟರ್ ಸಾಹೇಬರು ಫೋನ್ ಮಾಡಿದ್ದರು. ಎರಡನೇ ಸೀಸನ್ನಿಗೆ ಇನ್ನೊಂದು ಗ್ರಹ ಬೇಕಂತೆ, ದುಡ್ಡು ಮಾತ್ರ ಇಲ್ಲವಂತೆ.

"ಶೆಟ್ಟಿಹಳ್ಳೀಲೇ ಮಾಡ್ರೋ" ಅಂದೆ.

"ಮತ್ತೆ ಅದೇ ಚರ್ಚಾ? ಜನ ಗುರುತು ಹಿಡೀತಾರೆ ಮಾರಾಯ."

"ಹಿಡೀಲಿ ಬಿಡು. ಆದ್ರೆ ಯುಗಾದಿ ಆದ್ಮೇಲೆ ಇಟ್ಕೊಳ್ಳಿ, ನೀರು ಇಳಿದಿರುತ್ತೆ. ಕಾರಲ್ಲಿ ಒಂದು ಸೀಟು ಖಾಲಿ ಬಿಡಿ, ಅಜ್ಜಿ ಬರುತ್ತೆ."