ಬಂದ ಬೇನೆ, ನಿಂತ ಬೇನೆ

ಕೋವಿಡ್ ಎಂಬ ಬೇನೆ ನಮ್ಮನ್ನು ಬಿಟ್ಟು ಹೋಗತಕ್ಕದ್ದೇ, ಇಲ್ಲವೆ ನಮ್ಮೊಡನೆಯೇ ಇದ್ದುಬಿಡತಕ್ಕದ್ದೇ ಎಂಬ ಪ್ರಶ್ನೆಯನ್ನು ಈಗ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. 2020ರಲ್ಲಿ ಇದೇ ಪ್ರಶ್ನೆ ಬಸವಕಲ್ಯಾಣದ ಕೋಟೆಯ ಬಾಗಿಲಿನಿಂದ ಹುಮನಾಬಾದಿನ ಬಸ್ ನಿಲ್ದಾಣದವರೆಗೆ ಎಲ್ಲರ ಬಾಯಲ್ಲಿಯೂ ಇದ್ದಿತು. ಇಂದು ಕೇಳಿದರೆ, ‘ಸರ, ಅದು ಈಗ ನೆಗಡಿ ಆಗ್ಯಾದ್ರಿ’ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅನ್ನಿಸಿದೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಇದು ವೈದ್ಯರಿಗಷ್ಟೇ ಬಿಟ್ಟುಕೊಡುವ ಪ್ರಶ್ನೆಯಲ್ಲವೆಂಬುದನ್ನು ಓದುಗರು ಒಪ್ಪುವರೆಂದು ನಂಬಿದ್ದೇನೆ.

ಇಂಥ ರೋಗಕ್ಕೆ ನಾವು ‘ಪಿಡುಗು’ ಎನ್ನುತ್ತೇವೆ. ನಮ್ಮ ಮಗ್ಗುಲಿನ ತೆಲುಗಿನಲ್ಲಿ ಪಿಡುಗು ಎಂದರೆ ಸಿಡಿಲು. ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಹೊರಟರೆ ಸಿಕ್ಕುವ ಜಹೀರಾಬಾದಿನಲ್ಲಿ ಈ ಪದದ ಅರ್ಥ ಕೇಳಿದರೆ ಆಕಾಶದತ್ತ ಕೈ ತೋರಿಸುವರು. ಸಿಡಿಲು ಬೀಳುತ್ತದೆ, ಸುಡುತ್ತದೆ, ಅಲ್ಲಿಗೆ ಮುಗಿಯುತ್ತದೆ. ಅದು ಬಂದು ಮನೆಯಲ್ಲಿ ನೆಲಸಿತೆಂದು ಯಾರೂ ಹೇಳುವುದಿಲ್ಲ. ಮಹಾಮಾರಿಯ ವಿಷಯದಲ್ಲಿಯೂ ನಮ್ಮ ಕಲ್ಪನೆ ಹೀಗೆಯೇ: ಬರಬೇಕು, ಬಲಿ ಕೊಳ್ಳಬೇಕು, ಹೊರಟುಹೋಗಬೇಕು. ಮಾರಿಯನ್ನು ಊರ ಗಡಿಯಾಚೆಗೆ ಕಳುಹಿಸಿ ಬರುವ ಆಚರಣೆಯ ಹಿಂದೆ ಇರುವುದೂ ಇದೇ ನಂಬಿಕೆ.

ರೋಗಗಳ ಚರಿತ್ರೆ ಮಾತ್ರ ಬೇರೆ ಬಗೆಯಾಗಿದೆ. ಮನುಷ್ಯರ ಸಾಂಕ್ರಾಮಿಕ ರೋಗಗಳಲ್ಲಿ ಭೂಮಿಯಿಂದಲೇ ನಿರ್ಮೂಲವಾದದ್ದು ಸಿಡುಬು ಒಂದೇ. ಭಾರತದಲ್ಲಿ ಅದರ ಕಡೆಯ ರೋಗಿ ಕಂಡದ್ದು 1975ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಅದರ ಅಂತ್ಯವನ್ನು ಸಾರಿದ್ದು 1980ರಲ್ಲಿ. ಅದೂ ತಾನಾಗಿ ಹೋದದ್ದಲ್ಲ, ಊರೂರು ಹುಡುಕಿ ಅಟ್ಟಿದ್ದು. ಅಟ್ಟುವುದಕ್ಕೆ ಅನುಕೂಲವೂ ಇದ್ದಿತು. ಸಿಡುಬಿಗೆ ಮನುಷ್ಯನ ಹೊರತು ಬೇರೆ ಆಸರೆಯಿರಲಿಲ್ಲ. ಬಂದವನ ಮುಖದ ಮೇಲೆಯೇ ಅದರ ಗುರುತು ಬರೆದಿರುತ್ತಿತ್ತು, ಒಮ್ಮೆ ಬಂದವನಿಗೆ ಮತ್ತೆ ಬರುವುದು ಬಲು ಅಪರೂಪವಾಗಿತ್ತು. ಕೋವಿಡ್ಡಿನ ವೈರಸ್ಸಿಗೆ ಈ ಮೂರು ಮಾತೂ ಸಲ್ಲವು. ಮೈಯಲ್ಲಿ ಯಾವ ಲಕ್ಷಣವೂ ಇಲ್ಲದವನಿಂದ ಅದು ಇನ್ನೊಬ್ಬನಿಗೆ ದಾಟುತ್ತದೆ, ಜಿಂಕೆಯಂಥ ಪ್ರಾಣಿಗಳಲ್ಲಿಯೂ ಸೇರಿಕೊಳ್ಳುತ್ತದೆ, ರೂಪ ಬದಲಿಸಿ ಒಮ್ಮೆ ಬಂದವನಿಗೇ ಮರಳಿ ಬರುತ್ತದೆ. ಅದರ ಜ್ಞಾತಿಗಳಾದ ನಾಲ್ಕು ಕೊರೊನಾ ವೈರಸ್ಸುಗಳು ಬಹಳ ಕಾಲದಿಂದ ನಮ್ಮಲ್ಲಿ ನೆಗಡಿಯಾಗಿ ಸುತ್ತುತ್ತಲೇ ಇವೆ. ಅವುಗಳಲ್ಲೊಂದು 1889–90ರಲ್ಲಿ ಜಗತ್ತನ್ನೆಲ್ಲ ಸುತ್ತಿದ ಮಹಾಜ್ವರದ ಉಳಿಕೆಯಿರಬಹುದೆಂದು ಕೆಲವು ವಿಜ್ಞಾನಿಗಳ ಊಹೆ. ಆದ್ದರಿಂದ, ಇದು ಶಾಶ್ವತವೇ ಎಂದು ಕೇಳಿದರೆ, ಹೌದು, ನಮಗೂ ನಮ್ಮ ಮೊಮ್ಮಕ್ಕಳಿಗೂ ಇದು ಇರುವಂಥದೇ ಎಂದು ಉತ್ತರ ಕೊಡಬೇಕಾಗುತ್ತದೆ. ಅದರಲ್ಲಿ ನನಗೆ ಸಂದೇಹವಿಲ್ಲ. ನನ್ನ ತಕರಾರು ಇರುವುದು, ಆ ‘ಹೌದು’ ಎಂಬ ಮಾತನ್ನು ನಾವು ಒಂದು ಸಮಾಧಾನವಾಗಿ ಮಾಡಿಕೊಂಡಿರುವುದರಲ್ಲಿ.

ಇದಕ್ಕೆ ಹಿಂದೆ ಒಂದು ನಿದರ್ಶನವಿದೆ. 1918ರ ಜೂನಿನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಮಳೆಗಾಲ ಮುಗಿಯುವ ಹೊತ್ತಿಗೆ ಉಗ್ರರೂಪ ತಾಳಿ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಕೊಂದಿತು. ಮಳೆಯೂ ಕೈಕೊಟ್ಟ ವರ್ಷ ಅದು. ನಮ್ಮ ಬೀದರ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ಜನಸಂಖ್ಯೆ 1911ರ ಗಣತಿಯಲ್ಲಿ 1 ಕೋಟಿ 33 ಲಕ್ಷ ಮೀರಿದ್ದುದು 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಬರ, ಪ್ಲೇಗು, ಇನ್‌ಫ್ಲುಯೆಂಜಾ ಮೂರೂ ಕೂಡಿ ಮಾಡಿದ ನಷ್ಟ ಇದು. ಬೆಳೆಯಬೇಕಾದ ಜನಸಂಖ್ಯೆ ಹತ್ತು ವರ್ಷಗಳಲ್ಲಿ 9 ಲಕ್ಷ ಕುಗ್ಗಿತೆಂದರೆ ಎಷ್ಟು ಮನೆಗಳ ಒಲೆ ಆರಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ಆ ವೈರಸ್ ಆಮೇಲೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ರೂಪ ಬದಲಿಸುತ್ತ ವರ್ಷವರ್ಷದ ಜ್ವರವಾಗಿ ಉಳಿಯಿತು. 1957 ಮತ್ತು 1968ರ ಮಹಾಜ್ವರಗಳಲ್ಲಿ ಅದರ ಅಂಶಗಳಿದ್ದುವು. 2009ರಲ್ಲಿ ನಾವು ಹಂದಿಜ್ವರವೆಂದು ಹೆದರಿದುದರಲ್ಲಿಯೂ ಅದೇ ವಂಶದ ಅಂಶವಿದ್ದಿತು. 2009ರದೂ ಹೋಗಿಲ್ಲ, ಈಗಲೂ ಹಂಗಾಮಿನಲ್ಲಿ ಸುತ್ತುವ ಜ್ವರಗಳಲ್ಲಿ ಅದೊಂದು.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಪ್ಲೇಗಿಗೆ ಕನ್ನಡ ಕಾದಂಬರಿಯಲ್ಲಿ ಸ್ಥಾನ ದೊರೆತಿದೆ. 1965ರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಇಲಿಗಳು ಸಾಯುತ್ತವೆ. 1970ರ ‘ಗೃಹಭಂಗ’ದಲ್ಲಿ ತಾಯಿಯೊಬ್ಬಳು ಬೆಳೆದ ಮಕ್ಕಳನ್ನು ಅದಕ್ಕೆ ಒಪ್ಪಿಸುತ್ತಾಳೆ. ಇಲಿ ಬೀಳುವುದು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು, ಮರಳಿ ಬಂದಾಗ ಕೆಲವು ಮನೆಗಳ ಬಾಗಿಲು ತೆರೆಯದೇ ಉಳಿಯುವುದು—ಕಥೆಗೆ ಬೇಕಾದುದೆಲ್ಲ ಪ್ಲೇಗಿನಲ್ಲಿದ್ದಿತು. ಇನ್‌ಫ್ಲುಯೆಂಜಾ ಕೆಲವೇ ತಿಂಗಳುಗಳಲ್ಲಿ ಅಷ್ಟು ಜನರನ್ನು ಒಯ್ದರೂ ಆಮೇಲೆ ಸಾಮಾನ್ಯ ಜ್ವರಗಳ ಗುಂಪಿನಲ್ಲಿ ಸೇರಿಹೋಯಿತು. ಅದನ್ನೇ ನಡುವಿಟ್ಟುಕೊಂಡ ಕನ್ನಡದ ದೊಡ್ಡ ಕೃತಿ ನನ್ನ ಓದಿನಲ್ಲಿ ಎದುರಾಗಿಲ್ಲ. ಹೋದ ರೋಗವನ್ನು ನೆನೆಯುವುದು ಸುಲಭ, ಇರುವ ರೋಗವನ್ನು ನೆನೆಯುವುದು ಹೇಗೆ? ಅದು ಬೇರೂರಿದಷ್ಟೂ ಅದು ಕೊಂದವರ ಮಾತು ಬಾಯಿಗೆ ಬಾರದೆ ಹೋಗುತ್ತದೆ. ನಮ್ಮ ಕಾಲದಲ್ಲಿಯೂ ಅದೇ ಆಗುತ್ತಿದೆಯೆಂದು ನನಗೆ ತೋರುತ್ತದೆ.

ಬಸವಕಲ್ಯಾಣದವರಂತೂ 2021ರ ಏಪ್ರಿಲ್ 17ನ್ನು ಮರೆಯಬಾರದಾಗಿತ್ತು. ಈ ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು 2020ರ ಮಾರ್ಚಿಯಲ್ಲಿ ನಮ್ಮ ನೆರೆಯ ಕಲಬುರಗಿಯವರದು. ಅದೇ ವರ್ಷದ ಸೆಪ್ಟೆಂಬರ್ 23ರಂದು ಬೆಳಗಾವಿಯ ಲೋಕಸಭಾ ಸದಸ್ಯರೂ ಕೇಂದ್ರ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು, ಮರುದಿನವೇ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರು ಇದೇ ಬೇನೆಯಿಂದ ತೀರಿಕೊಂಡರು. ಅನಂತರ ಬೇನೆ ಇಳಿಯಿತು. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳಾದುವು, ಮದುವೆಗಳಾದುವು. ‘ಇನ್ನು ಇದರ ಜೊತೆಗೇ ಬಾಳುವುದನ್ನು ಕಲಿಯಬೇಕು’ ಎಂಬ ಮಾತು ಆಗಲೇ ರೂಢಿಗೆ ಬಂದಿದ್ದಿತು. ಆ ಧೈರ್ಯದಲ್ಲಿ, ತೆರವಾದ ಆ ಎರಡು ಸ್ಥಾನಗಳಿಗೂ ಮಸ್ಕಿಗೂ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು.

ಕೋವಿಡ್‌ನಿಂದ ತೀರಿಹೋದವರ ಸ್ಥಾನವನ್ನು ತುಂಬುವುದಕ್ಕಾಗಿ, ಕೋವಿಡ್ ಏರುತ್ತಿದ್ದ ವಾರಗಳಲ್ಲಿ, ಜನರನ್ನು ನೆರೆಸಿ ಭಾಷಣ ಮಾಡಿದೆವು. ಕೆಲವೇ ಹರಿದಾರಿ ಆಚೆಗೆ, ಮಹಾರಾಷ್ಟ್ರದಲ್ಲಿ, ಏಪ್ರಿಲ್ 14ರ ರಾತ್ರಿಯಿಂದಲೇ ಕಟ್ಟುನಿಟ್ಟಿನ ನಿರ್ಬಂಧಗಳು ಜಾರಿಯಲ್ಲಿದ್ದುವು. ಮತದಾನದ ದಿನ ರಾಜ್ಯದಲ್ಲಿ ಹೊಸದಾಗಿ ಕಂಡ ರೋಗಿಗಳು 17 ಸಾವಿರ ಮೀರಿದ್ದರು. ಮೇ ಮೊದಲ ವಾರದಲ್ಲಿ ಆ ದಿನದ ಲೆಕ್ಕ 50 ಸಾವಿರವನ್ನು ದಾಟಿತು. ಚುನಾವಣೆಯ ಕೆಲಸಕ್ಕೆ ಹೋಗಿ ಬಂದ ಶಿಕ್ಷಕರಲ್ಲಿ ಹಲವರು ತೀರಿಕೊಂಡರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದುವು. ನಾನು ಯಾವ ಪಕ್ಷದ ಮಾತನ್ನೂ ಆಡುತ್ತಿಲ್ಲ. ಎಲ್ಲ ಪಕ್ಷದವರೂ ಬಂದಿದ್ದರು, ಸಭೆಗೆ ಹೋದವರೂ ನಮ್ಮ ಜನರೇ. ಆ ಚುನಾವಣೆಯೊಂದೇ ಬೇನೆಯನ್ನು ಹರಡಿತೆಂದೂ ಹೇಳಲಾರೆ; ಅದು ದೇಶದಲ್ಲೆಲ್ಲ ಏರುತ್ತಿದ್ದಿತು. ಆದರೆ ಮುಂದೂಡಬಹುದಾಗಿದ್ದುದನ್ನು ಮುಂದೂಡದೆ ಹೋದುದು, ‘ಹೇಗಿದ್ದರೂ ಇದು ಇರುವಂಥದೇ’ ಎಂಬ ನಿರ್ಲಕ್ಷ್ಯದ ಫಲ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಒಂದು ಪ್ರತಿವಾದವಿದೆ, ಅದು ಹಗುರವಾದುದೂ ಅಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯನ್ನು ನಂಬಿ ಬದುಕುವ ಊರು ನಮ್ಮದು. ಸಸ್ತಾಪುರ ಬಂಗ್ಲೆಯಲ್ಲಿ ಲಾರಿ ನಿಂತರೆ ಮೇಸ್ತ್ರಿಯ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಮುಂಬಯಿ, ಪುಣೆಗಳಿಂದ ಮರಳಿದ ಕೂಲಿಕಾರರನ್ನು 2020ರಲ್ಲಿ ಊರವರೇ ಅನುಮಾನದಿಂದ ನೋಡಿದ್ದನ್ನು ನಾವು ಕಂಡಿದ್ದೇವೆ. ನನ್ನ ತರಗತಿಯ ಹುಡುಗಿಯರಲ್ಲಿ ಕೆಲವರು ಆ ಒಂದೂವರೆ ವರ್ಷದಲ್ಲಿ ಮದುವೆಯಾಗಿ ಹೋದವರು ಮತ್ತೆ ಕಾಲೇಜಿಗೆ ಬರಲಿಲ್ಲ. ಹೆದರಿಕೆಯಲ್ಲಿಯೇ ಬದುಕಿರೆಂದು ಯಾರೂ ಯಾರಿಗೂ ಹೇಳಲಾಗದು, ನಾನೂ ಹೇಳುವುದಿಲ್ಲ. ಲಸಿಕೆಯಿಂದಲೂ, ಬೇನೆ ಬಂದು ಹೋದುದರಿಂದಲೂ ನಮ್ಮ ಮೈಗೆ ಒಂದಷ್ಟು ಬಲ ಬಂದಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿಯನ್ನು ತೆಗೆದದ್ದು ಸರಿಯಾಗಿಯೇ ಇದೆ.

ಆದರೆ ನೆಲಸಿದ್ದು ಎಂಬುದಕ್ಕೂ ನಿರುಪದ್ರವಿ ಎಂಬುದಕ್ಕೂ ಬಹಳ ಅಂತರವಿದೆ. ಕ್ಷಯರೋಗ ನಮ್ಮಲ್ಲಿ ನೆಲಸಿ ಎಷ್ಟು ಶತಮಾನಗಳಾದುವು? ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗದಷ್ಟು ಜನ ಈಗಲೂ ಭಾರತದವರು. ಅದು ಸುದ್ದಿಯಾಗುವುದಿಲ್ಲ, ಏಕೆಂದರೆ ಅದು ಹೊಸದಲ್ಲ. ಹೆಚ್ಚಾಗಿ ಬಡವರ ಮನೆಯಲ್ಲಿಯೇ ಕೆಮ್ಮುತ್ತದೆ. ಕೋವಿಡ್ ಬೆಂಗಳೂರಿನ ತರುಣನಿಗೆ ಮೂರು ದಿನದ ಜ್ವರವಾಗಿರಬಹುದು. ಸಕ್ಕರೆ ಕಾಯಿಲೆಯ, ಮೂತ್ರಪಿಂಡದ ತೊಂದರೆಯ, ಎಂಬತ್ತು ದಾಟಿದ ನಮ್ಮ ಹಳ್ಳಿಯ ಅಜ್ಜಿಗೆ ಅದು ಈಗಲೂ ನೆಗಡಿಯಲ್ಲ. ಬಸವಕಲ್ಯಾಣದಿಂದ ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸುಮಾರು 80 ಕಿಲೋಮೀಟರ್. ಅದಕ್ಕೂ ಮೀರಿದರೆ ಹೈದರಾಬಾದು, ಇಲ್ಲವೆ ಸೊಲ್ಲಾಪುರ. ವೈರಸ್ ಉಳಿಯುವುದು ನಮ್ಮ ಕೈಯಲ್ಲಿಲ್ಲ. ಅದರ ನಿಮಿತ್ತ 2021ರಲ್ಲಿ ಅವಸರವಾಗಿ ತಂದ ಆಮ್ಲಜನಕದ ಯಂತ್ರಗಳು ಸುಸ್ಥಿತಿಯಲ್ಲಿರುವುದು, ವೃದ್ಧರಿಗೆ ಲಸಿಕೆ ತಾಲೂಕಿನಲ್ಲಿಯೇ ದೊರೆಯುವುದು, ಯಾವ ಜ್ವರದಿಂದ ಯಾರು ಸತ್ತರೆಂಬ ಲೆಕ್ಕ ಸರಿಯಾಗಿರುವುದು—ಇವು ನಮ್ಮ ಕೈಯಲ್ಲಿವೆ.

ಲೆಕ್ಕದ ಮಾತು ಬಂದಿತು. 2020–21ರ ಎರಡು ವರ್ಷಗಳಲ್ಲಿ ಭಾರತದಲ್ಲಿ ವಾಡಿಕೆಗಿಂತ 47 ಲಕ್ಷ ಹೆಚ್ಚು ಸಾವುಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ನಮ್ಮ ಸರ್ಕಾರ ಅದನ್ನು ಒಪ್ಪಲಿಲ್ಲ. ಸರ್ಕಾರದ ಎಣಿಕೆ ಆ ಅವಧಿಗೆ 5 ಲಕ್ಷದೊಳಗೆ. ಯಾವ ಸಂಖ್ಯೆ ನಿಜಕ್ಕೆ ಹತ್ತಿರವೆಂದು ತೀರ್ಮಾನಿಸುವುದು ಗಣಿತಜ್ಞರ ಕೆಲಸ. ನಮ್ಮಂಥವರು ಮಾಡಬಹುದಾದುದು ಬೇರೊಂದಿದೆ. 1918ರಲ್ಲಿ ಹುಮನಾಬಾದಿನ ಯಾವ ಓಣಿಯಲ್ಲಿ ಯಾರು ಹೋದರೆಂದು ಹೇಳುವವರು ಇಂದು ಇಲ್ಲ. 2021ರ ಏಪ್ರಿಲ್–ಮೇ ತಿಂಗಳುಗಳನ್ನು ಕಂಡವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ.

ಹೋದ ವರ್ಷ ನಾನು ಬಿ.ಎ. ವಿದ್ಯಾರ್ಥಿಗಳಿಗೆ, ತಮ್ಮ ತಮ್ಮ ಊರಿನಲ್ಲಿ ಆ ಎರಡು ತಿಂಗಳು ನಡೆದುದನ್ನು ಹಿರಿಯರಿಂದ ಕೇಳಿ, ಅವರ ಮಾತಿನಲ್ಲಿಯೇ ಬರೆದು ತರುವಂತೆ ಹೇಳಿದೆ. ಅಂಕಗಳಿಲ್ಲದ ಕೆಲಸವಾದುದರಿಂದ ಬಹುಮಂದಿ ತರಲಿಲ್ಲ. ಹನ್ನೊಂದು ಜನ ತಂದರು. ಒಬ್ಬಳು ತನ್ನ ಓಣಿಯಲ್ಲಿ ಹೋದ ಏಳು ಜನರ ಹೆಸರು, ವಯಸ್ಸು, ಅವರು ಮಾಡುತ್ತಿದ್ದ ಕೆಲಸ ಬರೆದು, ಏಳರಲ್ಲಿ ಇಬ್ಬರ ಮುಂದೆ ಮಾತ್ರ ‘ಕೊರೊನಾ ಅಂತ ಕಾಗದದಾಗ ಬಂದದ’ ಎಂದು ಗುರುತು ಹಾಕಿದ್ದಳು. ಈ ಸಲದ ತರಗತಿಗೂ ಅದೇ ಕೆಲಸ ಕೊಟ್ಟಿದ್ದೇನೆ.